ಹಿಂದಿನ ಸೀಟಿನವರ ದೂರು

ಹಳೆಯ ಕಾರಿರುವ ಮನೆಗಳಲ್ಲಿ ಒಂದು ದೂರು ಸಾಮಾನ್ಯ. ಹಂಪ್ ದಾಟಿದಾಗಲೆಲ್ಲ ಹಿಂದೆ ಕುಳಿತ ದಾದಿ ಸೊಂಟ ಹಿಡಿದುಕೊಂಡು 'ಯಾ ಅಲ್ಲಾಹ್' ಎನ್ನುತ್ತಾರೆ. ಸ್ಟೇರಿಂಗ್ ಹಿಡಿದವರು "ರಸ್ತೆಯೇ ಹಾಗಿದೆ, ನಾನೇನು ಮಾಡಲಿ?" ಎನ್ನುತ್ತಾರೆ. ಹಿಂದಿನ ಚಕ್ರದ ಕುಲುಕಾಟ ಮುಂದೆ ಕುಳಿತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಈ ವಿಷಯದಲ್ಲಿ ಹೆಂಗಸರ ಮಾತೇ ಹೆಚ್ಚು ನಂಬಲರ್ಹ.

ನಮ್ಮ ಜಡಿಗೇನಹಳ್ಳಿ ಕಡೆ ಇಡೀ ಕುಟುಂಬ ಒಟ್ಟಿಗೆ ಹೊಸಕೋಟೆಗೋ ಮಾಲೂರಿಗೋ ಮದುವೆಗೆ ಹೊರಡಲು ಮಾರುತಿ ಓಮ್ನಿಗೆ ಸಾಟಿಯಿಲ್ಲ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಓಮ್ನಿಗಳೆಲ್ಲ ಹಳೆಯವೇ.

ಇದರ ಹಿಂಭಾಗದ ಭಾರ ಹೊರುವುದು ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್‌ನ ಕೆಲಸವೇ ಬೇರೆ. ಗುಂಡಿಗೆ ಬಿದ್ದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ಅದು ತಡೆಯುತ್ತದೆ. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವಾಗ ಕುಲುಕಾಟದ ಬಲ ಶಾಖವಾಗಿ ಕರಗುತ್ತದೆ. ಸೀಲ್ ಸವೆದು ಎಣ್ಣೆ ಸೋರಿದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಪುಟಿಯುವ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಪ್ರಯೋಜನ? ಸೊಂಟನೋವು ಬರೀ ಮುನ್ಸೂಚನೆ. ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುವುದೇ ನಿಜವಾದ ಅಪಾಯ.

ಪರೀಕ್ಷೆ ಸುಲಭ. ನಿಂತ ಗಾಡಿಯ ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನೆಲೆಗೊಂಡರೆ ಸರಿ. ಎರಡು ಮೂರು ಬಾರಿ ತೂಗಿದರೆ ಶಾಕ್ ಮುಗಿದಿದೆ. ಕೊಳವೆಯ ಮೇಲೆ ಎಣ್ಣೆ ಧೂಳು ಮೆತ್ತಿದೆಯೇ, ಟೈರು ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದೆಯೇ ನೋಡಿ. ಆದರೆ ಖಾಲಿ ಗಾಡಿಯ ಹಿಂಭಾಗವೇ ಕುಸಿದು ನಿಂತಿದ್ದರೆ ತಪ್ಪು ಸ್ಪ್ರಿಂಗಿನದು, ಶಾಕ್ ಬದಲಿಸಿ ಫಲವಿಲ್ಲ. ಅಮೆರಿಕದ ಕೆಲವು ಹಳೆಯ ಕಾರುಗಳಲ್ಲಿ ಗಾಳಿ ತುಂಬಿ ಹಿಂಭಾಗವನ್ನು ಎತ್ತುವ ಶಾಕ್‌ಗಳಿವೆ. ಅಲ್ಲಿ ರಬ್ಬರ್ ಬಿರಿದು ಗಾಳಿ ಹೋದರೂ ಕಾರು ಕುಸಿಯುತ್ತದೆ. ನಮ್ಮಲ್ಲಿ ಗಾಳಿ ಚೀಲದ ಮೇಲೆ ತೇಲುವ ಸುಖ ವೋಲ್ವೊ ಬಸ್ಸಿನವರಿಗೆ!

ಹಳೆಯ ಶಾಕ್‌ಗೆ ಎಣ್ಣೆ ತುಂಬಿ, ಬಣ್ಣ ಬಳಿದು ಹೊಸದೆಂದು ಮಾರುವವರೂ ಇದ್ದಾರೆ. ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯ ತೇವವನ್ನು ಕಂಡು, ಅದನ್ನು ಮೇಲೆ ಕಾಣುವಂತೆ ಇಡಲಿಲ್ಲವೇಕೆ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಬಣ್ಣದ ಕೆಳಗಿನ ತುಕ್ಕಿಗೂ ಅದೇ ತೀರ್ಪು. ಬಿಲ್ ಕೇಳಿ ಪಡೆಯಿರಿ.

ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಬಿಗಿ, ಇನ್ನೊಂದು ಸಡಿಲವಾದರೆ ಗಾಡಿ ವಾಲುತ್ತದೆ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು. ಮುಂದಿನ ಚಕ್ರಕ್ಕೆ ಕಲ್ಲು, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಇರಲಿ. ಮಾರುತಿ 800ರಂಥ ಸುರುಳಿ ಸ್ಪ್ರಿಂಗಿನ ಕಾರಾದರೆ ಆಕ್ಸಲ್‌ಗೂ ಆಧಾರ ಕೊಟ್ಟು, ಒಂದು ಬದಿ ಮುಗಿಸಿಯೇ ಇನ್ನೊಂದನ್ನು ಬಿಚ್ಚಬೇಕು. ಇಲ್ಲವಾದರೆ ಆಕ್ಸಲ್ ಜೋತುಬಿದ್ದು ಬ್ರೇಕ್ ಪೈಪ್ ಜಗ್ಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟರೆ ಮೆಕ್ಯಾನಿಕ್‌ನ ಅರ್ಧ ಸಿಟ್ಟು ಇಳಿಯುತ್ತದೆ. ರಬ್ಬರ್ ಬುಷ್‌ಗಳೂ ಹೊಸವೇ ಇರಲಿ. ಕೊನೆಯ ಬಿಗಿತವನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತ ನಂತರ ಕೊಡಿಸಿ. ಮೇಲೆತ್ತಿದಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬಿಚ್ಚಿದ ಹಳೆಯದನ್ನು ಬೆಂಕಿಗೆ ಹಾಕಬೇಡಿ. ಕೆಲವದರೊಳಗೆ ಒತ್ತಡದ ಗ್ಯಾಸ್ ಇರುತ್ತದೆ. ಹಾಗೆಂದು ಹೇಳಿಯೇ ಗುಜರಿಯವನಿಗೆ ಕೊಡಿ.