ಚುಕ್‌ನಗರದ ಹೆಣಗಳಿಗೆ ಲೆಕ್ಕ ಕೊಡುವವರು ಯಾರು?

1971ರ ನವೆಂಬರಿನಿಂದ ತಿಪಟೂರಿನ ಮಂಡಿಗಳವರು ಉತ್ತರದ ಊರುಗಳಿಗೆ ಕೊಬ್ಬರಿಯ ಧಾರಣೆ ಬರೆದು ಹಾಕುತ್ತಿದ್ದ ಲಕೋಟೆಗೆ, ಮಾಮೂಲು ಅಂಚೆಚೀಟಿಯ ಜೊತೆ ಐದು ಪೈಸೆಯ ಇನ್ನೊಂದು ಚೀಟಿ ಅಂಟಿಸಬೇಕಾಯಿತು. ಅದು ನಿರಾಶ್ರಿತರ ಪರಿಹಾರದ ಚೀಟಿ. ಗೊಣಗದೆ ಅಂಟಿಸಿದವರೆಷ್ಟೋ, ಗೊಣಗಿಕೊಂಡು ಅಂಟಿಸಿದವರೆಷ್ಟೋ! ಆ ಕಾಸು ಕಾಣುವ ಮೊದಲೇ ದಾರಿಯಲ್ಲಿ ಸತ್ತವರ ಕಥೆ ನಮ್ಮ ಸೀಮೆಯ ವರ್ತಕರಿಗೂ ಮಿಲ್ಲಿನ ಕೆಲಸಗಾರರಿಗೂ ತಿಳಿದಿರಬೇಕು.

ಆ ವರ್ಷದ ಮಾರ್ಚ್ 25ರ ರಾತ್ರಿ ಯಾಹ್ಯಾ ಖಾನರ ಸೈನ್ಯ ಢಾಕಾದ ಮೇಲೆ ಬಿತ್ತು. ಚುನಾವಣೆಯಲ್ಲಿ ಗೆದ್ದವರಿಗೆ ಅಧಿಕಾರ ಒಪ್ಪಿಸಲಾರದ ಸರ್ವಾಧಿಕಾರವು ಬಂದೂಕಿನಿಂದ ಉತ್ತರ ಕೊಟ್ಟಿತು. ಪೆಟ್ಟು ಬಂಗಾಳಿಗಳೆಲ್ಲರ ಮೇಲೂ ಬಿದ್ದಿತಾದರೂ ಹಿಂದೂಗಳನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ಖುಲ್ನಾ, ಬಾಗೇರ್‌ಹಾಟ್ ಕಡೆಯ ಒಕ್ಕಲು ಮಕ್ಕಳು, ಬೆಸ್ತರು, ಪುಡಿ ವ್ಯಾಪಾರಿಗಳು ಮನೆಮಠ ಬಿಟ್ಟು ಭದ್ರಾ ನದಿಯ ದಡದ ಚುಕ್‌ನಗರಕ್ಕೆ ಬಂದರು. (ನಮ್ಮ ಭದ್ರೆಯಲ್ಲ, ಹೆಸರು ಮಾತ್ರ ಒಂದೇ.) ಅದೂ ನಮ್ಮ ತಿಪಟೂರಿನಂತೆ ವ್ಯಾಪಾರದ ಊರು. ದೋಣಿ ಇಳಿದು ಅಲ್ಲಿಂದ ನೆಲದ ದಾರಿ ಹಿಡಿದರೆ ಭಾರತದ ಗಡಿ. ತಂದದ್ದನ್ನು ಸಿಕ್ಕಿದ ಬೆಲೆಗೆ ಮಾರಿ, ಗಂಟು ಕಟ್ಟಿ, ಹೊರಡಲು ಕಾದಿದ್ದರು.

ಮೇ 20, ಗುರುವಾರ. ಹೊತ್ತೇರುವಾಗ ಸಾತ್‌ಖೀರಾ ರಸ್ತೆಯಿಂದ ಮಿಲಿಟರಿ ಬಂತು. ಬಂದ ಸಿಪಾಯಿಗಳು ಹೆಚ್ಚೇನಿಲ್ಲ, ಒಂದು ಸಣ್ಣ ತುಕಡಿ. ಮೊದಲು ಬಿದ್ದವನು ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮುಸಲ್ಮಾನ ರೈತ. ಆಮೇಲೆ ಬಜಾರು, ಬಯಲು, ನದಿಯ ದಡ. ಮಧ್ಯಾಹ್ನ ಇಳಿಯುವವರೆಗೂ ಗುಂಡು ಹಾರಿತು. ಹೆಣಗಳನ್ನು ಎಳೆದು ನದಿಗೆ ಹಾಕಿದರು. ಸರ್ಕಾರೀ ಲೆಕ್ಕ ಯಾರೂ ಇಡಲಿಲ್ಲ. ಎಂಟರಿಂದ ಹತ್ತು ಸಾವಿರ ಎಂಬುದು ಕಂಡವರ ಅಂದಾಜು. ಇತಿಹಾಸಕಾರ ಮುಂತಾಸಿರ್ ಮಾಮೂನರು ಬದುಕುಳಿದವರ ಹೇಳಿಕೆಗಳನ್ನು ಕಲೆಹಾಕಿ ಗ್ರಂಥ ಮಾಡಿದ್ದಾರೆ.

ಸತ್ತ ಆ ರೈತನ ಮಗ ತಂದೆಯ ಹೆಣ ಕಂಡ ದಿನವೇ, ಸತ್ತ ತಾಯಿಯ ಎದೆ ಚೀಪುತ್ತಿದ್ದ ಹೆಣ್ಣುಕೂಸೊಂದನ್ನು ಕಂಡನು. ತಾಯಿಯ ಬೈತಲೆಯಲ್ಲಿ ಕುಂಕುಮ. ಕೂಸನ್ನು ಎತ್ತಿ ತಂದು, ಹಿಂದೂ ಮನೆಯಲ್ಲಿಯೇ ಬೆಳೆಯಲೆಂದು ಒಪ್ಪಿಸಿದನು. ಚುಕ್‌ನಗರದ ಹೆಸರು ಹೇಳಿ ನಮ್ಮೂರ ಮುಸಲ್ಮಾನ ಕೂಲಿಯ ಮೇಲೆ ಕಣ್ಣು ಕೆಂಪು ಮಾಡುವ ಭಾಷಣಕಾರರು ಈ ಭಾಗವನ್ನು ಏಕೆ ನುಂಗಿಕೊಳ್ಳುತ್ತಾರೆ?

ಆ ದೇಶದಲ್ಲಿ ನಡೆದದ್ದನ್ನು ಜಗತ್ತಿನ ಮುಂದೆ ಬಿಚ್ಚಿಟ್ಟವರಲ್ಲಿ ಪ್ರಮುಖರು ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಆಂಥೊನಿ ಮಸ್ಕರೇನ್ಹಸ್. ಕರಾಚಿಯ ಪತ್ರಕರ್ತರಾದ ಅವರನ್ನು ಸೈನ್ಯವೇ ಹೊಗಳಿಕೆ ಬರೆಯಲೆಂದು ಕರೆದೊಯ್ದಿತ್ತು. ಅವರು ಹೆಂಡತಿ ಮಕ್ಕಳನ್ನು ಹೊರಗೆ ಸಾಗಿಸಿ, ತಾವೂ ಪಾರಾಗಿ, 1971ರ ಜೂನ್ 13ರ ಲಂಡನ್ನಿನ ಸಂಡೆ ಟೈಮ್ಸ್‌ನಲ್ಲಿ ಕಂಡದ್ದನ್ನು ಬರೆದರು. ಆಗಲೂ ಅಮೆರಿಕದ ನಿಕ್ಸನ್ ಸರ್ಕಾರ ಯಾಹ್ಯಾ ಖಾನರ ಕೈ ಬಿಡಲಿಲ್ಲ.

ಡಿಸೆಂಬರಿನಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಸುಮಾರು 93 ಸಾವಿರ ಮಂದಿ ನಮ್ಮ ಸೆರೆಯಾದರು. ಅವರಲ್ಲಿ 195 ಮಂದಿಯನ್ನು ಯುದ್ಧಾಪರಾಧಕ್ಕಾಗಿ ವಿಚಾರಣೆ ಮಾಡುವುದೆಂದು ಬಾಂಗ್ಲಾದೇಶ ಸಾರಿತ್ತು. 1974ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಮೂರು ಸರ್ಕಾರಗಳೂ ಕುಳಿತು ಒಪ್ಪಂದ ಮಾಡಿಕೊಂಡವು. ಆ 195 ಮಂದಿಯೂ ಮನೆಗೆ ಹೋದರು. ತೆಂಗಿನಕಾಯಿ ಕದ್ದವನನ್ನು ಕೋರ್ಟಿಗೆ ಎಳೆಯುವ ಲೋಕವಿದು! ಸತ್ತವರ ಪರವಾಗಿ ಆ ಮೇಜಿನ ಬಳಿ ಯಾರೂ ಕುಳಿತಿರಲಿಲ್ಲ.

ಬದುಕಿ ಬಂದವರ ಗತಿಯೇನು? ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಪೂರ್ವ ಬಂಗಾಳದ ನಿರಾಶ್ರಿತರ ಕ್ಯಾಂಪುಗಳಿವೆ. ಅಲ್ಲಿ ಉತ್ತು ಬಿತ್ತು ಕನ್ನಡ ಕಲಿತವರಲ್ಲಿ ಅನೇಕರು ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಅಲೆದರು. 2019ರಲ್ಲಿ ಕಾಯಿದೆ ಬಂತು, ಅದರ ನಿಯಮ ಬರಲು 2024ರ ಮಾರ್ಚ್ ಆಯಿತು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರನ್ನು ಹಳೆಯ ದಾಖಲೆ ತೋರಿಸಿ ಎನ್ನುವುದು ಯಾವ ನ್ಯಾಯ? ಅಧಿಕಾರಿಗಳೇ ಕ್ಯಾಂಪಿಗೆ ಹೋಗಿ, ಬಾಯಿಮಾತಿನ ಹೇಳಿಕೆ ಪಡೆದು, ಅರ್ಜಿಗಳನ್ನು ಅಲ್ಲಿಯೇ ಇತ್ಯರ್ಥ ಮಾಡಲಿ.