ಗೋದಿಯಿಲ್ಲದ ಬ್ರೆಡ್ಡು

ಕನ್ನಡ ಕಲಿಸುವ ಮಾಸ್ತರನಿಗೆ ಬ್ರೆಡ್ಡಿನ ಗೊಡವೆ ಏಕೆ ಎಂದು ಪಾಲಕರು ಕೇಳಬಹುದು. ಸಂಧಿ ಸಮಾಸಗಳನ್ನು ಬಿಟ್ಟು ಹಿಟ್ಟು ನಾದುವ ವಿಷಯವನ್ನು ಶಾಲೆಯ ಸಂಚಿಕೆಗೆ ಬರೆಯುವುದು ನನಗೂ ಸ್ವಲ್ಪ ವಿಚಿತ್ರವೆನಿಸುತ್ತಿದೆ. ಆದರೆ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಇದೇ ಮಾತು. ನಾಲ್ಕು ಜನರಿಗೆ ತಿಳಿದರೆ ಒಂದಾದರೂ ಮಗುವಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಓದಲೆಂದು ನಮ್ಮಲ್ಲಿಯೇ ಇದ್ದಾಳೆ. ಅವಳ ಅಪ್ಪಣೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರು ಮಾತ್ರ ಹಾಕಬಾರದೆಂದು ಕಟ್ಟಳೆ ಮಾಡಿದ್ದಾಳೆ. ಐದನೆಯ ಇಯತ್ತೆಯಲ್ಲಿದ್ದಾಗ ಅವಳು ಮೂರನೆಯ ಇಯತ್ತೆಯ ಹುಡುಗಿಯಷ್ಟೇ ಎತ್ತರವಿದ್ದಳು. ಮುಖ ಬಿಳಿಚಿಕೊಂಡಿತ್ತು, ಹೊಟ್ಟೆ ಉಬ್ಬುತ್ತಿತ್ತು, ಮೇಲಿಂದ ಮೇಲೆ ಭೇದಿ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ನುಂಗಿಸಿದೆವು, ಜಂತಿನ ಔಷಧ ಕುಡಿಸಿದೆವು, ನಮ್ಮ ಅವ್ವ ದೃಷ್ಟಿ ತೆಗೆದದ್ದೂ ಆಯಿತು. ರಕ್ತ ಏರಲಿಲ್ಲ. ಕೊನೆಗೆ ಸೊಲ್ಲಾಪುರದ ಮಕ್ಕಳ ವೈದ್ಯರೊಬ್ಬರು ರಕ್ತದ ಬೇರೊಂದು ಪರೀಕ್ಷೆ ಮಾಡಿಸಿದರು. ಆ ಮೇಲೆ ಬಾಯಿಂದ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಸಿ ನೋಡಿ, ಇದು ಸೀಲಿಯಾಕ್ ರೋಗವೆಂದು ಹೇಳಿದರು. ಇದಕ್ಕೆ ಗುಳಿಗೆಯಿಲ್ಲ, ಇಂಜೆಕ್ಷನ್ನಿಲ್ಲ. ಜನ್ಮವಿಡೀ ಗೋದಿ ಬಿಡಬೇಕು, ಅಷ್ಟೆ.

ಗೋದಿಯಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥವಿದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ಚಪಾತಿಗೆ ನಾದಿದ ಹಿಟ್ಟಿನ ಸಣ್ಣ ಉಂಡೆಯನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನಲ್ಲಿ ಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆಯೊಂದು ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೊನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸ ಹೀಗೆ ಹಿಟ್ಟು ತೊಳೆದು ಕಂಡದ್ದು ೧೭೪೫ರಲ್ಲಿ ಅಚ್ಚಾಯಿತು. ಸೀಲಿಯಾಕ್ ಇದ್ದವರ ಶರೀರ ಈ ಅಂಟನ್ನು ವೈರಿಯೆಂದು ತಿಳಿದು ತನ್ನ ಕರುಳಿನ ಒಳಪದರವನ್ನೇ ಕೆಡಿಸಿಕೊಳ್ಳುತ್ತದೆ. ಆಗ ಉಂಡದ್ದು ಮೈಗೆ ಹತ್ತುವುದಿಲ್ಲ. ಗೋದಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ೧೯೪೪-೪೫ರ ಯುದ್ಧದ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ಡು ಸಿಗದೆ ಜನ ಹಸಿದಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಅವರು ಮೊದಲೇ ಸಂಶಯಪಟ್ಟಿದ್ದ ವಿಷಯವನ್ನು ೧೯೫೦ರಲ್ಲಿ ಪ್ರಬಂಧವಾಗಿ ಬರೆದರು. ಊರಿಗೆಲ್ಲ ಹಸಿವು ಬಂದಾಗ ಕೆಲವು ಮಕ್ಕಳಿಗೆ ಜೀವ ಬಂದದ್ದು ಎಂಥ ವಿಚಿತ್ರ!

ವೈದ್ಯರ ಮಾತು ನಮಗೆ ತಿಳಿಯಿತು. ಬಂಧುಬಳಗಕ್ಕೆ ತಿಳಿಸುವುದೇ ಕಠಿಣವಾಯಿತು. ಮದುವೆ ಮನೆಯಲ್ಲಿ, "ಒಂದ ಹೋಳಿಗಿ ತಿಂದ್ರ ಏನಾಗ್ತದರೀ ಮಾಸ್ತರ? ಹುಡುಗಿ ಬಾಯಿ ಯಾಕ ಕಟ್ಟತೀರಿ?" ಎಂದು ಹಿರಿಯರೊಬ್ಬರು ನನ್ನನ್ನೇ ಗದರಿಸಿದರು. ಪ್ರೀತಿಯಿಂದಲೇ ಅಂದರು, ಸುಳ್ಳಲ್ಲ. ಆದರೆ ಆ ಒಂದು ಹೋಳಿಗೆಯೂ ಅವಳ ಕರುಳಿಗೆ ಕೇಡು. ಅವಳು ಅಂದು ಬರಿಯ ಅನ್ನ ಸಾರು ಉಂಡಳು. ಎಲ್ಲರೂ ಅವಳ ಎಲೆಯನ್ನೇ ನೋಡುತ್ತಿದ್ದರು.

ನಮ್ಮದು ಜೋಳದ ಸೀಮೆಯಾದದ್ದು ಪುಣ್ಯವೆಂದೇ ನಾನು ತಿಳಿದಿದ್ದೆ. ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ಜೋಳ ಸುತ್ತಲಿನ ಎರೆಹೊಲಗಳಲ್ಲೆಲ್ಲ ಬೆಳೆಯುತ್ತದೆ; ಮಂಗಳವೇಢೆಯ ಜೋಳಕ್ಕೆ ೨೦೧೬ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಅಕ್ಕಿ, ಸಜ್ಜೆ, ರಾಗಿ, ಗೋವಿನಜೋಳಗಳಲ್ಲಿಯೂ ಇಲ್ಲ. ಗೋದಿಯಂತೆ ಬಿಡಬೇಕಾದದ್ದು ಜವೆಗೋದಿ ಮತ್ತು ನಮ್ಮಲ್ಲಿ ಯಾರೂ ತಿನ್ನದ ರೈ ಎಂಬ ಧಾನ್ಯ. ಹೀಗಿರಲು ಎರಡು ಹೊತ್ತು ರೊಟ್ಟಿ ತಿಂದರೆ ಮುಗಿಯಿತಲ್ಲ, ಚಿಂತೆ ಏಕೆ ಎಂದು ಅವಳಿಗೆ ಉಪದೇಶ ಮಾಡಿದೆ. ಅವಳು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಅಂದಳು:

"ಮಾಮಾ, ರೊಟ್ಟಿ ನನಗ ಸೇರ್ತಾವು. ಆದ್ರ ಡಬ್ಬಿಯೊಳಗ ಎಲ್ಲಾರೂ ಒಂದೊಂದಿನಾ ಬ್ರೆಡ್ ಜಾಮ್ ತರ್ತಾರ. ನಾ ಒಂದಿನಾನೂ ತರಬಾರದೇನು?"

ನನ್ನಲ್ಲಿ ಉತ್ತರವಿರಲಿಲ್ಲ. ರೊಟ್ಟಿಯ ಮಹಿಮೆಯನ್ನು ಕೊಂಡಾಡುವುದು ಹಿರಿಯರಿಗೆ ಸುಲಭ. ನಮಗೆ ಬೇಕಾದಾಗ ಪಾವ್ ತಿನ್ನಲು ಅಡ್ಡಿಯಿಲ್ಲವಲ್ಲ. ಪೇಟೆಯಲ್ಲಿ ಗ್ಲುಟೆನ್ ಇಲ್ಲದ ಬ್ರೆಡ್ಡು ಸಿಗುತ್ತದೆ, ಆದರೆ ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ, ನಮ್ಮ ಊರಿನ ತನಕ ಅದು ಬರುವುದೂ ಇಲ್ಲ. ಆದ್ದರಿಂದ ಮನೆಯಲ್ಲಿಯೇ ಮಾಡುವುದೆಂದು ನಿಶ್ಚಯಿಸಿದೆವು.

ಮೊದಲ ಸಲ ಜೋಳದ ಹಿಟ್ಟಿಗೆ ಯೀಸ್ಟ್ ಹಾಕಿ, ಚಪಾತಿಯ ಹಿಟ್ಟಿನಂತೆ ಗಟ್ಟಿಯಾಗಿ ನಾದಿ, ಡಬ್ಬಿಯಲ್ಲಿಟ್ಟು ಬೇಯಿಸಿದೆ. ಹೊರಬಂದದ್ದು ಇಟ್ಟಂಗಿ. ಎಮ್ಮೆಯೂ ಮೂಸಿ ನೋಡಿ ಬಿಟ್ಟಿತು. ಎರಡನೆಯದು ಉಬ್ಬಿದಂತೆ ಮಾಡಿ ನಡುವೆ ಕುಸಿಯಿತು. ಆಗ ನಮ್ಮ ಅವ್ವ ಒಂದು ಮಾತು ಹೇಳಿದಳು: "ಎಸರಿಲ್ಲದ ಜೋಳದ ಹಿಟ್ಟು ಕೂಡ್ತದೇನೋ? ಜಿಗಿ ಎಲ್ಲಿಂದ ಬರಬೇಕು?" ಅವಳು ಶಾಲೆಗೆ ಹೋದವಳಲ್ಲ. ಆದರೆ ವಿಷಯದ ಬೇರು ಅಲ್ಲಿಯೇ ಇತ್ತು. ಗೋದಿಯ ಹಿಟ್ಟಿಗೆ ಗ್ಲುಟೆನ್ನೇ ಜಿಗಿ. ಯೀಸ್ಟಿನಿಂದ ಹುಟ್ಟಿದ ಗಾಳಿಯನ್ನು ಅದು ಬಲೆಯಂತೆ ಹಿಡಿದಿಡುತ್ತದೆ, ಬ್ರೆಡ್ಡು ಉಬ್ಬುತ್ತದೆ. ಜೋಳಕ್ಕೆ ಆ ಬಲೆಯಿಲ್ಲ. ನಮ್ಮ ತಾಯಂದಿರು ಕುದಿಯುವ ಎಸರು ಹೊಯ್ದು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಜಿಗಿ ಹುಟ್ಟಿಸುತ್ತಾರೆ. ಹಾಗಾಗಿಯೇ ರೊಟ್ಟಿ ಹರಿಯದೆ ಬಡಿಯಲು ಬರುತ್ತದೆ. ಬ್ರೆಡ್ಡಿಗೆ ಎಸರು ಸಾಲದು, ಗಾಳಿ ಹಿಡಿಯುವ ಬೇರೆ ಅಂಟು ಬೇಕು. ಅದು ಔಷಧದ ಅಂಗಡಿಯಲ್ಲಿಯೇ ಸಿಕ್ಕಿತು: ಹೊಟ್ಟೆ ಕಟ್ಟಿದಾಗ ತೆಗೆದುಕೊಳ್ಳುವ ಸಾದಾ ಇಸಬಗೋಲ್!

ಹಲವು ಸಲ ಕೆಟ್ಟು ನಮ್ಮ ಕೈಗೆ ಕೂಡಿದ ಅಳತೆ ಇದು. ಜೋಳದ ಹಿಟ್ಟು ೨೦೦ ಗ್ರಾಂ, ಅಕ್ಕಿಹಿಟ್ಟು ೧೫೦ ಗ್ರಾಂ, ಮಿಕ್ಸರಿನಲ್ಲಿ ನುಣ್ಣಗೆ ಪುಡಿಮಾಡಿದ ಸಾಬುದಾಣಿ ೧೦೦ ಗ್ರಾಂ. ೨೦ ಗ್ರಾಂ ಇಸಬಗೋಲನ್ನು ಸುಮಾರು ೪೫೦ ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಲೋಳೆಯಾಗುತ್ತದೆ. ಅದಕ್ಕೆ ಹಿಟ್ಟುಗಳು, ೭ ಗ್ರಾಂ ಒಣ ಯೀಸ್ಟ್, ಒಂದು ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಉಪ್ಪು, ಎರಡು ಚಮಚ ಎಣ್ಣೆ ಸೇರಿಸಿ ಕಲಸಬೇಕು. ಇದು ನಾದುವ ಹಿಟ್ಟಲ್ಲ. ವಡೆಯ ಹಿಟ್ಟಿನಷ್ಟು ಮೆತ್ತಗಿರುತ್ತದೆ. ಎಣ್ಣೆ ಸವರಿದ ಡಬ್ಬಿಗೆ ತುಂಬಿ, ಒದ್ದೆ ಕೈಯಿಂದ ಮೇಲ್ಭಾಗ ಸಮ ಮಾಡಿ, ಬೆಚ್ಚಗಿನ ಜಾಗದಲ್ಲಿ ಒಂದು ಸಲ ಮಾತ್ರ ಉಬ್ಬಲು ಬಿಟ್ಟು, ೧೯೦ ಡಿಗ್ರಿಯಲ್ಲಿ ಸುಮಾರು ಒಂದು ತಾಸು ಬೇಯಿಸಬೇಕು. ಆಮೇಲಿನದೇ ಕಠಿಣ ಪರೀಕ್ಷೆ: ಪೂರ್ತಿ ಆರುವ ತನಕ ಕೊಯ್ಯಬಾರದು. ಬಿಸಿಯಲ್ಲಿ ಕೊಯ್ದರೆ ಒಳಗೆಲ್ಲ ಅಂಟಂಟು. ನಮ್ಮ ಮನೆಯಲ್ಲಿ ಇದಕ್ಕಾಗಿ ಜಗಳಗಳೇ ಆಗಿವೆ. ಪೇಟೆಯ ಬ್ರೆಡ್ಡಿನಷ್ಟು ಹಗುರವಾಗುವುದಿಲ್ಲ, ಮರುದಿನಕ್ಕೆ ಬಿರುಸಾಗುತ್ತದೆ. ಹಂಚಿನ ಮೇಲೆ ಬೆಚ್ಚಗೆ ಮಾಡಿದರೆ ಮತ್ತೆ ರುಚಿ.

ಹಿಟ್ಟಿನ ಅಳತೆಗಿಂತ ದೊಡ್ಡ ತೊಡಕು ಗಿರಣಿಯದು. ಬ್ರೆಡ್ಡು ಚೆನ್ನಾಗಿ ಬಂದರೂ ಅವಳ ಹೊಟ್ಟೆನೋವು ಪೂರ್ತಿ ನಿಲ್ಲಲಿಲ್ಲ. ವೈದ್ಯರು ಮೊದಲು ಕೇಳಿದ ಪ್ರಶ್ನೆ, ಜೋಳ ಎಲ್ಲಿ ಬೀಸಿಸುತ್ತೀರಿ? ಊರ ಗಿರಣಿಯಲ್ಲಿ, ಯಾರೋ ಗೋದಿ ಬೀಸಿಸಿದ ಮೇಲೆ ಅದೇ ಕಲ್ಲಿನಲ್ಲಿ ನಮ್ಮ ಜೋಳ. ಗ್ಲುಟೆನ್ ಇಲ್ಲವೆಂದು ಮಾರುವ ಪದಾರ್ಥದಲ್ಲಿ ನಮ್ಮ ದೇಶದ ಕಾಯದೆಯಂತೆ ಒಂದು ಕಿಲೋಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಒಂದು ಕಿಲೋ ಜೋಳದ ಹಿಟ್ಟಿಗೆ ಚಿಟಿಕೆ ಗೋದಿಹಿಟ್ಟು ಬೆರೆತರೂ ಆ ಮಿತಿ ದಾಟಿಬಿಡಬಹುದು. ಕೊನೆಗೆ ಕಂತಿನ ಮೇಲೆ ಸಣ್ಣದೊಂದು ಘರಘಂಟಿ ತಂದೆವು. ಅದರಲ್ಲಿ ಗೋದಿ ಹಾಕಲು ಯಾರಿಗೂ ಪರವಾನಗಿಯಿಲ್ಲ. ಡಬ್ಬಿ, ಜರಡಿ, ಕೊಣಮಿಗೆ ಎಲ್ಲ ಬೇರೆ. ಅಂಗಡಿಯ ಇಂಗಿನಲ್ಲಿಯೂ ಬಹಳ ಸಲ ಗೋದಿಹಿಟ್ಟು ಬೆರೆಸಿರುತ್ತಾರೆಂಬುದು ಆಗಲೇ ತಿಳಿದದ್ದು. ಇದೆಲ್ಲ ಆದ ಮೇಲೆ ಆರು ತಿಂಗಳಲ್ಲಿ ಅವಳ ರಕ್ತ ಏರಿತು. ಈಗ ಗೋಡೆಯ ಮೇಲೆ ಎತ್ತರದ ಗೆರೆ ಅವಳೇ ಹಾಕುತ್ತಾಳೆ.

ಇಷ್ಟು ಹೇಳಿದ ಮೇಲೆ ವಿರುದ್ಧ ಮಾತೊಂದನ್ನೂ ಹೇಳಲೇಬೇಕು. ಈಚೆಗೆ ಗೋದಿ ಬಿಡುವುದು ಒಂದು ಷೋಕಿಯೂ ಆಗಿದೆ. ತೆಳ್ಳಗಾಗಲು, ಮುಖ ಹೊಳೆಯಲು ಎಂದು ಗೋದಿಯನ್ನು ವಿಷವೆಂದು ಬೈಯುವವರಿದ್ದಾರೆ. ಗೋದಿ ವಿಷವಲ್ಲ. ತಿಂದು ಜೀರ್ಣಿಸಿಕೊಳ್ಳುವವರಿಗೆ ಅದು ಒಳ್ಳೆಯ ಅನ್ನ. ಸಂಶಯ ಬಂದಿತೆಂದು ತಾವಾಗಿಯೇ ಗೋದಿ ಬಿಡಿಸಿ ಆಮೇಲೆ ಮಗುವನ್ನು ವೈದ್ಯರ ಬಳಿ ಒಯ್ಯುವುದಂತೂ ತಪ್ಪು. ಗೋದಿ ತಿನ್ನುತ್ತಿರುವಾಗಲೇ ಪರೀಕ್ಷೆಯಾಗಬೇಕು. ಬಿಟ್ಟ ಮೇಲೆ ಮಾಡಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಗುಳಿಗೆ ನುಂಗಿದರೂ ರಕ್ತ ಏರದ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು ಮನೆಯಲ್ಲಿದ್ದರೆ ಪಾಲಕರು ಈ ರೋಗದ ಹೆಸರನ್ನು ತಾವೇ ವೈದ್ಯರ ಮುಂದೆ ತೆಗೆಯಬೇಕೆಂದು ನನ್ನ ವಿನಂತಿ. ನಾವು ಎರಡು ವರ್ಷ ಕಳೆದುಕೊಂಡೆವು.

ಇನ್ನು ನಮ್ಮ ಶಾಲೆಯ ಮಾತು. ಸ್ನೇಹಸಮ್ಮೇಳನದ ಊಟದಲ್ಲಿ ಪ್ರತಿ ವರ್ಷವೂ ಪೂರಿ ಮತ್ತು ಶಿರಾ. ಎರಡೂ ಗೋದಿಯವೇ. ಬಡಿಸುವ ಜವಾಬ್ದಾರಿ ನನ್ನದಿದ್ದಾಗಲೂ ಯಾವ ಮಗುವಿಗೆ ಏನು ಆಗದೆಂದು ಒಮ್ಮೆಯೂ ನಾನು ಕೇಳಿದವನಲ್ಲ. ಈ ವರ್ಷ ರೊಟ್ಟಿ, ಎಣ್ಣೆಗಾಯಿ ಪಲ್ಯ, ಅನ್ನ, ಶೇಂಗಾ ಉಂಡೆ ಇರಲಿ ಎಂದು ಶಿಕ್ಷಕರ ಸಭೆಯಲ್ಲಿ ಸೂಚಿಸಿದ್ದೇನೆ. ಇಷ್ಟು ಜನಕ್ಕೆ ರೊಟ್ಟಿ ಬಡಿಯುವವರು ಯಾರು ಎಂಬ ಆಕ್ಷೇಪ ಬಂತು, ಆಕ್ಷೇಪಿಸಿದವರೆಲ್ಲ ಗಂಡಸರು. ನನ್ನ ಉತ್ತರವಿಷ್ಟೆ: ನಲವತ್ತು ದಾಟಿದ ಮೇಲೆ ನಾನು ಕಲಿತಿದ್ದೇನೆ, ಒಂಬತ್ತನೆಯ ಇಯತ್ತೆಯ ಹುಡುಗರು ಕಲಿಯಲಾರರೇ? ನನ್ನ ರೊಟ್ಟಿ ಇನ್ನೂ ದುಂಡಗಾಗಿಲ್ಲ, ಆದರೆ ಹರಿಯುವುದಿಲ್ಲ. ಮುಖ್ಯೋಪಾಧ್ಯಾಯರು ಇನ್ನೂ ನಿರ್ಣಯ ಕೊಟ್ಟಿಲ್ಲ. ಒಪ್ಪಿದರೆ ಹಿಟ್ಟೆಲ್ಲ ನಮ್ಮ ಮನೆಯ ಘರಘಂಟಿಯಿಂದ ಬರುತ್ತದೆ; ಸಮ್ಮೇಳನದ ಹಿಂದಿನ ಎರಡು ದಿನ ಸಂಜೆ ಜೋಳ ಹಸನು ಮಾಡಲು ಕೈ ಬೇಕು. ಬರುವವರು ಹೆಸರು ಕೊಡಿರಿ.