ನೀರಿಗೂ ಒಂದು ಕಂಬಳಿ

ಅಮೆರಿಕ, ಕೆನಡಾಗಳಲ್ಲಿ ರಜೆ ಬಂತೆಂದರೆ ಮನೆಯನ್ನೇ ಗಾಡಿಗೆ ಹೇರಿಕೊಂಡು ಹೊರಡುವವರಿದ್ದಾರೆ. ಮಂಚ, ಒಲೆ, ಬಚ್ಚಲು, ಕಕ್ಕಸು ಎಲ್ಲ ಇರುವ ಈ ವಾಹನಕ್ಕೆ ಅಲ್ಲಿ ‘ಆರ್.ವಿ.’ ಎಂದು ಹೆಸರು. ಬೇಸಿಗೆಯಲ್ಲಿ ಸುಖದ ಸವಾರಿ. ಆದರೆ ಕೆನಡಾದ ಬ್ಯಾನ್ಫ್‌ನಂಥ ಬೆಟ್ಟದೂರಲ್ಲಿ, ಜನವರಿಯ ರಾತ್ರಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಎಲ್ಲ ಗಾಡಿಗಳೂ ತಾಳುವುದಿಲ್ಲ.

ದೊಡ್ಡ ಹೀಟರ್ ಇದ್ದರಾಯಿತಲ್ಲ ಎನ್ನುತ್ತೀರಾ? ಅದಕ್ಕಿಂತ ಮೊದಲು ಬಗ್ಗಿ ಗಾಡಿಯ ಹೊಟ್ಟೆ ನೋಡಬೇಕು. ಕುಡಿಯುವ ನೀರು, ಬಚ್ಚಲ ನೀರು, ಕಕ್ಕಸಿನ ನೀರು, ಇವುಗಳ ಟ್ಯಾಂಕುಗಳು ಹೆಚ್ಚಾಗಿ ಇರುವುದು ನೆಲದ ಅಡಿಯಲ್ಲೇ. ಹೆಪ್ಪುಗಟ್ಟುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿದ್ದೀರಷ್ಟೆ. ಇಲ್ಲಿ ಆ ಪಾಠ ಕೊಳವೆಯನ್ನು ಸೀಳಿ ತೋರಿಸುತ್ತದೆ. ಸೋರಿಕೆ ಗೊತ್ತಾಗುವುದು ಮಂಜುಗಡ್ಡೆ ಕರಗಿದ ಮೇಲೆ!

ಚಳಿಗೆಂದೇ ಕಟ್ಟಿದ ಗಾಡಿಯಲ್ಲಿ ಟ್ಯಾಂಕುಗಳ ಕೆಳಗೂ ಮುಚ್ಚಿಗೆ ಇರುತ್ತದೆ. ಒಳಗನ್ನು ಬೆಚ್ಚಗಿಡುವ ಗ್ಯಾಸ್ ಹೀಟರಿನ ಬಿಸಿಗಾಳಿ ಅಲ್ಲಿಗೂ ಹರಿಯುತ್ತದೆ. ಇದರಲ್ಲೊಂದು ತಮಾಷೆಯಿದೆ. ಗ್ಯಾಸ್ ಉಳಿಸಲು ಕೆಲವರು ಕೋಣೆಯಲ್ಲಿ ಸಣ್ಣ ವಿದ್ಯುತ್ ಹೀಟರ್ ಹಚ್ಚುತ್ತಾರೆ. ಕೋಣೆ ಬೆಚ್ಚಗಾಯಿತೆಂದು ಥರ್ಮೋಸ್ಟಾಟ್ ಗ್ಯಾಸ್ ಹೀಟರನ್ನು ನಿಲ್ಲಿಸಿಬಿಡುತ್ತದೆ. ಮೇಲೆ ಜನ ಸುಖನಿದ್ರೆಯಲ್ಲಿ. ಕೆಳಗೆ ನೀರು ಕಲ್ಲು.

ಗ್ಯಾಸಿನ ಜಾತಿಯೂ ಮುಖ್ಯ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಮುಷ್ಕರ ಹೂಡುತ್ತದೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಹಾಗಾಗಿ ಚಳಿನಾಡಿನ ಗಾಡಿಗೆ ಅದೇ ಸರಿ. ಹೀಟರಿನ ಫ್ಯಾನು ತಿರುಗಲು ಬ್ಯಾಟರಿಯೂ ಗಟ್ಟಿ ಇರಬೇಕು, ಚಳಿಯಲ್ಲಿ ಅದರ ಕಸುವೂ ಕುಗ್ಗುತ್ತದೆ. ಕಿಟಕಿಗೆ ಎರಡು ಪದರದ ಗಾಜು, ಗೋಡೆಯೊಳಗೆ ದಪ್ಪ ಶಾಖನಿರೋಧಕ ಬೇಕೆಂದು ಬೇರೆ ಹೇಳಬೇಕಿಲ್ಲ. ‘ನಾಲ್ಕೂ ಋತುವಿನ ಗಾಡಿ’ ಎಂಬ ಹಣೆಪಟ್ಟಿ ಕಂಡು ಮರುಳಾಗಬಾರದು. ಅದು ಮಾರುವವರ ಮಾತು.

ಇಷ್ಟೆಲ್ಲ ಆದ ಮೇಲೆ ಸಂದುಗೊಂದು ಮುಚ್ಚಿ ಗಾಡಿಯನ್ನು ಡಬ್ಬಿಯಾಗಿಸುವ ಆಸೆ ಬರುತ್ತದೆ. ಅಲ್ಲೇ ಅಪಾಯ. ಒಲೆಯ ಮೇಲೆ ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಬೂಷ್ಟು ಹಿಡಿಸುತ್ತದೆ. ಅಷ್ಟೇ ಆಗಿದ್ದರೆ ಒರೆಸಿಕೊಳ್ಳಬಹುದಿತ್ತು. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಹೊರಡುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಹೀಟರಿನ ಹೊಗೆಕೊಳವೆಯ ಬಾಯಿಗೆ ಹಿಮ ತುಂಬಿದರೂ ಇದೇ ಗತಿ. ಆದ್ದರಿಂದ ಎಂಥ ಚಳಿಯಲ್ಲೂ ಚಾವಣಿಯ ಗವಾಕ್ಷಿ ಒಂದಿಷ್ಟು ತೆರೆದಿರಲೇಬೇಕು.

ಅಲ್ಲಿ ಓದಲು ಹೋದ ಮಗನೋ ಮಗಳೋ ಗೆಳೆಯರೊಂದಿಗೆ ಇಂಥ ಗಾಡಿ ಬಾಡಿಗೆಗೆ ಹಿಡಿದಿದ್ದೇವೆ ಎಂದು ಫೋನ್ ಮಾಡಿದರೆ, ಸ್ವೆಟರ್ ಇಟ್ಟುಕೊಂಡೆಯಾ ಎಂದು ನೀವು ಹೇಗೂ ಕೇಳುತ್ತೀರಿ. ಜೊತೆಗೆ ಇದನ್ನೂ ಕೇಳಿ: ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ? ಗುಂಡಿ ಒತ್ತಿ, ಅದು ಕೂಗುತ್ತದೋ ಇಲ್ಲವೋ ನೋಡಿದೆಯಾ?